ಕೊಲೆಸ್ಟ್ರಾಲ್, ಕಿಣ್ವ, ಹಸುವಿನ ಬೆದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಈ ವಿಷಯದ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಒಂದು, ಲ್ಯಾಬಿನಲ್ಲಿ ಅಂಡಾಶಯದ ಸ್ಲೈಡ್ ಹಿಡಿದು ನಿಂತ ವಿದ್ಯಾರ್ಥಿಗಳಿಂದ. ಇನ್ನೊಂದು, ಮಂಡ್ಯ ಕಡೆಯ ನೆಂಟರಿಂದ ಮತ್ತು ಅವರ ಊರಿನ ಹೈನುಗಾರರಿಂದ. ಮೇಲ್ನೋಟಕ್ಕೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಕೆದಕುತ್ತಾ ಹೋದರೆ ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಕೊಲೆಸ್ಟ್ರಾಲ್ ಎಷ್ಟಿದೆ ಅಂತ ನೋಡುವ ಮೊದಲು, ಅದು ಎಲ್ಲಿಗೆ ಹೋಗುತ್ತಿದೆ, ಯಾರು ಬಿಟ್ಟರೆ ಹೋಗುತ್ತದೆ ಅಂತ ನೋಡಬೇಕು. ಅದಕ್ಕೇ ಎರಡೂ ಕಡೆಯ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟಿದ್ದೇನೆ.

ಕೊಲೆಸ್ಟ್ರಾಲ್ ಅಂದ್ರೆ ಹಾರ್ಟಿನ ವಿಷಯ ಅಲ್ವಾ? ಗರ್ಭಕ್ಕೂ ಅದಕ್ಕೂ ಏನು ಸಂಬಂಧ?

ಹಾರ್ಟಿನ ಡಾಕ್ಟರು ಹೇಳುವುದು ರಕ್ತನಾಳದಲ್ಲಿ ಕೂತುಕೊಳ್ಳುವ ಕೊಲೆಸ್ಟ್ರಾಲ್ ಬಗ್ಗೆ. ಅದೇ ಅಣು ಅಂಡಾಶಯದಲ್ಲಿ, ವೃಷಣದಲ್ಲಿ, ಮಾಸಿನಲ್ಲಿ (ಪ್ಲಸೆಂಟಾ) ಬೇರೆಯೇ ಕೆಲಸ ಮಾಡುತ್ತದೆ. ಬೆದೆ ತರಿಸುವ ಈಸ್ಟ್ರೊಜೆನ್, ಗಬ್ಬ ಉಳಿಸುವ ಪ್ರೊಜೆಸ್ಟರಾನ್, ಹೋರಿಗೆ ಹೋರಿತನ ಕೊಡುವ ಟೆಸ್ಟೊಸ್ಟೆರಾನ್, ಮೂರೂ ತಯಾರಾಗುವುದು ಕೊಲೆಸ್ಟ್ರಾಲಿನಿಂದಲೇ. ಬೇರೆ ಕಚ್ಚಾ ಸಾಮಾನು ಇಲ್ಲ.

ಇಂಗಾಲದ ಲೆಕ್ಕ ನೆನಪಿಟ್ಟುಕೊಂಡರೆ ಅರ್ಧ ಪಾಠ ಮುಗಿದ ಹಾಗೆ. ಕೊಲೆಸ್ಟ್ರಾಲಿನಲ್ಲಿ 27 ಇಂಗಾಲ. ಅದರ ಬಾಲದ 6 ಇಂಗಾಲ ಕತ್ತರಿಸಿದರೆ 21 ಇಂಗಾಲದ ಪ್ರೆಗ್ನೆನೊಲೋನ್. ಪ್ರೊಜೆಸ್ಟರಾನಿನಲ್ಲೂ 21. ಟೆಸ್ಟೊಸ್ಟೆರಾನಿಗೆ 19, ಈಸ್ಟ್ರೊಜೆನ್‌ಗೆ 18. ಎಲ್ಲಾ ಕಡಿಮೆ ಮಾಡುತ್ತಾ ಹೋಗುವ ಕೆಲಸವೇ.

ಇದು ಊಹೆಯಿಂದ ಬಂದದ್ದಲ್ಲ. 1945ರಲ್ಲಿ ಕೊನ್ರಾಡ್ ಬ್ಲಾಕ್, ಭಾರ ಜಲಜನಕದ ಗುರುತು ಹಾಕಿದ ಕೊಲೆಸ್ಟ್ರಾಲನ್ನು ಗರ್ಭಿಣಿಯೊಬ್ಬರಿಗೆ ಕೊಟ್ಟು, ಮೂತ್ರದಲ್ಲಿ ಬಂದ ಪ್ರೆಗ್ನೇನ್‌ಡೈಯಾಲ್‌ನಲ್ಲಿ ಆ ಗುರುತನ್ನು ಹಿಡಿದರು. ಪ್ರೆಗ್ನೇನ್‌ಡೈಯಾಲ್ ಅಂದರೆ ಪ್ರೊಜೆಸ್ಟರಾನ್ ಕೆಲಸ ಮುಗಿಸಿ ಹೊರಬೀಳುವ ರೂಪ. ಕೊಲೆಸ್ಟ್ರಾಲ್ ದೇಹದಲ್ಲಿ ಹೇಗೆ ತಯಾರಾಗುತ್ತದೆ ಅನ್ನುವ ಕೆಲಸಕ್ಕೆ 1964ರಲ್ಲಿ ಅವರಿಗೆ ನೊಬೆಲ್ ಬಂತು, ಫಿಯೊಡರ್ ಲಿನೆನ್ ಜೊತೆ.

ನಮ್ಮ ಹಸು ತಿನ್ನೋದು ರಾಗಿ ಹುಲ್ಲು, ಕಬ್ಬಿನ ಸೋಗೆ. ಅದಕ್ಕೆ ಕೊಲೆಸ್ಟ್ರಾಲ್ ಎಲ್ಲಿಂದ ಬರುತ್ತೆ?

ಒಳ್ಳೆ ಪ್ರಶ್ನೆ. ಹುಲ್ಲಿನಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂದರೂ ನಡೆಯುತ್ತದೆ, ಅಷ್ಟು ಕಡಿಮೆ. ಹಸು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಮೆಲುಕು ಹಾಕುವ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಅಸಿಟಿಕ್ ಆಮ್ಲ ಕೊಡುತ್ತವೆ. ಎರಡು ಇಂಗಾಲದ ಆ ಚೂರುಗಳನ್ನು ಜೋಡಿಸಿ ಜೋಡಿಸಿ ಯಕೃತ್ತು, ಕರುಳು ಮೊದಲಾದ ಅಂಗಗಳು ಕೊಲೆಸ್ಟ್ರಾಲ್ ಕಟ್ಟುತ್ತವೆ. ಈ ದಾರಿಯಲ್ಲಿ ವೇಗ ತೀರ್ಮಾನಿಸುವ ಕಿಣ್ವ ಎಚ್‌ಎಂಜಿ ಕೋಎ ರಿಡಕ್ಟೇಸ್. ಮನುಷ್ಯರು ನುಂಗುವ ಸ್ಟ್ಯಾಟಿನ್ ಮಾತ್ರೆ ತಡೆಯುವುದೂ ಇದನ್ನೇ.

ಅಂಡಾಶಯದ ಜೀವಕೋಶಕ್ಕೂ ಈ ಕಿಣ್ವ ಇದೆ, ಸ್ವಂತಕ್ಕೆ ಮಾಡಿಕೊಳ್ಳಬಲ್ಲದು. ಆದರೆ ಅದು ಜಾಸ್ತಿ ನೆಚ್ಚುವುದು ರಕ್ತದಲ್ಲಿ ಬರುವ ಸರಕನ್ನೇ.

ರಕ್ತದಿಂದ ಒಳಗೆ ತಗೊಳ್ಳೋದು ಹೇಗೆ? ಎಲ್ಲಾ ಪ್ರಾಣಿಗಳಲ್ಲೂ ಒಂದೇ ಥರನಾ?

ಇಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವುದು ಇಲ್ಲೇ. ಮನುಷ್ಯ ಮತ್ತು ಹಂದಿಯಲ್ಲಿ ಮುಖ್ಯ ವಾಹಕ ಎಲ್‌ಡಿಎಲ್. ಜೀವಕೋಶ ತನ್ನ ಮೈಮೇಲಿನ ಗ್ರಾಹಕದಿಂದ (ರಿಸೆಪ್ಟರ್) ಆ ಕಣವನ್ನು ಹಿಡಿದು, ಇಡಿಯಾಗಿ ಒಳಗೆಳೆದುಕೊಂಡು ಒಡೆಯುತ್ತದೆ. ಈ ಗ್ರಾಹಕದ ಕೆಲಸಕ್ಕೇ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರ ನೊಬೆಲ್ ಪಡೆದರು. ಇಲಿಯಲ್ಲಿ ಎಚ್‌ಡಿಎಲ್‌ದೇ ಕಾರುಬಾರು. ಹಸುವಿನ ರಕ್ತದಲ್ಲೂ ಹೆಚ್ಚಿನ ಕೊಲೆಸ್ಟ್ರಾಲ್ ಎಚ್‌ಡಿಎಲ್ ರೂಪದಲ್ಲೇ ಓಡಾಡುತ್ತದೆ. ಎಚ್‌ಡಿಎಲ್ ಕಣ ಎಸ್‌ಆರ್-ಬಿ1 ಅನ್ನುವ ಗ್ರಾಹಕಕ್ಕೆ ಬಂದು ತಗುಲಿಕೊಳ್ಳುತ್ತದೆ, ಕೊಲೆಸ್ಟ್ರಾಲ್ ಎಸ್ಟರನ್ನು (ಕೊಬ್ಬಿನಾಮ್ಲ ಅಂಟಿದ ಕೊಲೆಸ್ಟ್ರಾಲ್) ಇಳಿಸುತ್ತದೆ, ಖಾಲಿ ಮೈಯಲ್ಲಿ ವಾಪಸ್ ಹೋಗುತ್ತದೆ. ಹಾಗಾಗಿ 'ಎಚ್‌ಡಿಎಲ್ ಒಳ್ಳೇದು, ಎಲ್‌ಡಿಎಲ್ ಕೆಟ್ಟದ್ದು' ಅನ್ನುವ ಕ್ಲಿನಿಕ್ಕಿನ ಮಾತನ್ನು ಇಲ್ಲಿಗೆ ತರಬೇಡಿ.

ಒಳಗೆ ಬಂದ ಕೊಲೆಸ್ಟ್ರಾಲ್ ತಕ್ಷಣ ಬೇಡ ಅಂದರೆ ಎಸಿಎಟಿ ಅನ್ನುವ ಕಿಣ್ವ ಅದಕ್ಕೆ ಕೊಬ್ಬಿನಾಮ್ಲ ಅಂಟಿಸಿ ಎಸ್ಟರ್ ಮಾಡುತ್ತದೆ. ಎಸ್ಟರುಗಳು ಸಣ್ಣ ಸಣ್ಣ ಕೊಬ್ಬಿನ ಹನಿಗಳಾಗಿ ಜೀವಕೋಶದಲ್ಲೇ ಉಳಿಯುತ್ತವೆ. ಬೇಕಾದಾಗ ಹಾರ್ಮೋನ್ ಸೆನ್ಸಿಟಿವ್ ಲಿಪೇಸ್ ಆ ಎಸ್ಟರನ್ನು ಬಿಡಿಸುತ್ತದೆ. ಅಂಟಿಸುವವರು ಒಬ್ಬರು, ಬಿಡಿಸುವವರು ಇನ್ನೊಬ್ಬರು. ಮೆದುಳಿನ ಬುಡದ ಪಿಟ್ಯುಟರಿಯಿಂದ ಎಲ್‌ಎಚ್ ಹಾರ್ಮೋನ್ ಬಂದಾಗ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶವಾಹಕ ಅಣು ಏರುತ್ತದೆ, ಬಿಡಿಸುವವರ ಕೈ ಮೇಲಾಗುತ್ತದೆ.

ಎಲ್ಲಾ ಪುಸ್ತಕದಲ್ಲೂ 'ಸ್ಟಾರ್ ಪ್ರೋಟೀನ್' ಅಂತ ಬರುತ್ತೆ. ಅದಕ್ಕೆ ಅಷ್ಟೊಂದು ಪ್ರಾಮುಖ್ಯ ಯಾಕೆ?

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಲೆಸ್ಟ್ರಾಲಿನ ಬಾಲ ಕತ್ತರಿಸುವ ಕಿಣ್ವ ಇರುವುದು ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ. ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆ. ನಡುವೆ ನೀರು. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ಹೊರಪೊರೆವರೆಗೆ ಬಂದದ್ದು ಒಳಪೊರೆಗೆ ತಾನಾಗಿ ದಾಟಲಾರದು. ದಾಟಿಸುವುದೇ ಸ್ಟಾರ್ ಪ್ರೋಟೀನಿನ ಕೆಲಸ. ಮಂಡ್ಯದ ಜನಕ್ಕೆ ಇದು ಬೇಗ ಅರ್ಥ ಆಗುತ್ತದೆ: ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿ ಎಷ್ಟು ಉದ್ದ ನಿಂತಿದ್ದರೇನು, ಗೇಟು ಬಿಟ್ಟಷ್ಟೇ ಒಳಗೆ, ಅರೆದಷ್ಟೇ ಸಕ್ಕರೆ.

1994ರಲ್ಲಿ ಡಗ್ಲಸ್ ಸ್ಟೊಕೊ ಅವರ ಗುಂಪು ಇಲಿಯ ವೃಷಣದ ಲೇಡಿಗ್ ಜೀವಕೋಶಗಳಲ್ಲಿ ಈ ಪ್ರೋಟೀನಿನ ಜೀನ್ ಹಿಡಿಯಿತು. ಎಲ್‌ಎಚ್ ಬಂದ ಕೆಲವೇ ನಿಮಿಷಗಳಲ್ಲಿ ಹಾರ್ಮೋನ್ ಉತ್ಪಾದನೆ ಏರುವುದಕ್ಕೆ ಇದೇ ಕಾರಣ. ಸ್ಟಾರ್ ಹೊಸದಾಗಿ ತಯಾರಾಗುತ್ತದೆ, ಕೆಲಸ ಮಾಡುತ್ತದೆ, ಬೇಗ ನಿಷ್ಕ್ರಿಯ ಆಗುತ್ತದೆ. ಎಲ್‌ಎಚ್ ನಿಂತರೆ ಹೊಸ ಸ್ಟಾರ್ ಇಲ್ಲ, ಗೇಟು ಬಂದ್.

ಎರಡು ಸಾಕ್ಷಿ ನನಗೆ ತುಂಬಾ ಇಷ್ಟ. ಒಂದು, ನೀರಿನಲ್ಲಿ ಸುಲಭವಾಗಿ ಸಾಗುವ 22-ಹೈಡ್ರಾಕ್ಸಿ ಕೊಲೆಸ್ಟ್ರಾಲನ್ನು ಜೀವಕೋಶಕ್ಕೆ ಕೊಟ್ಟರೆ ಎಲ್‌ಎಚ್ ಇಲ್ಲದೆಯೂ ಹಾರ್ಮೋನ್ ಸರಾಗವಾಗಿ ತಯಾರಾಗುತ್ತದೆ. ಅಂದರೆ ಕಿಣ್ವ ಮೊದಲೇ ರೆಡಿ ಇತ್ತು, ಕೊರತೆ ಇದ್ದದ್ದು ದಾಟಿಸುವವರದ್ದು. ಎರಡು, ಹುಟ್ಟಿನಿಂದಲೇ ಸ್ಟಾರ್ ಜೀನ್ ಕೆಟ್ಟ ಮಕ್ಕಳಿರುತ್ತಾರೆ. ಅವರ ಅಡ್ರಿನಲ್ ಗ್ರಂಥಿಯ ಜೀವಕೋಶಗಳು ಕೊಲೆಸ್ಟ್ರಾಲ್ ತುಂಬಿಕೊಂಡು ಊದಿಕೊಂಡಿರುತ್ತವೆ. ಆದರೆ ಹಾರ್ಮೋನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸರಕು ಬೇಕಾದಷ್ಟು, ಉತ್ಪಾದನೆ ಸೊನ್ನೆ.

ಹಾಗಾದ್ರೆ ಕಿಣ್ವಗಳಿಗೆ ಏನು ಕೆಲಸ?

ಹೆಸರುಗಳು ಉದ್ದ, ಕೆಲಸ ಸರಳ. ಬಾಲ ಕತ್ತರಿಸುವುದು ಪಿ450 ಎಸ್‌ಸಿಸಿ, ಹೊಸ ಹೆಸರು ಸಿವೈಪಿ11ಎ1. ಒಂದೇ ಕಿಣ್ವ ಮೂರು ಹೆಜ್ಜೆಯಲ್ಲಿ ಕತ್ತರಿಸುತ್ತದೆ. ಬಂದ ಪ್ರೆಗ್ನೆನೊಲೋನನ್ನು 3-ಬೀಟಾ ಎಚ್‌ಎಸ್‌ಡಿ ಪ್ರೊಜೆಸ್ಟರಾನ್ ಮಾಡುತ್ತದೆ. ಸಿವೈಪಿ17 ಇದ್ದರೆ ಗಂಡು ಹಾರ್ಮೋನಿನ ದಾರಿ. ಅರೋಮಟೇಸ್ ಇದ್ದರೆ ಗಂಡು ಹಾರ್ಮೋನಿನಿಂದ ಈಸ್ಟ್ರೊಜೆನ್. ಯಾವ ಜೀವಕೋಶದಲ್ಲಿ ಯಾವ ಕಿಣ್ವ ಇದೆ ಅನ್ನುವುದರ ಮೇಲೆ ಯಾವ ಹಾರ್ಮೋನ್ ಅನ್ನುವುದು ನಿಂತಿದೆ. ಎಷ್ಟು ಅನ್ನುವುದನ್ನು ಗಳಿಗೆ ಗಳಿಗೆಗೆ ತೀರ್ಮಾನಿಸುವುದು ಸ್ಟಾರ್.

ಬೆದೆಯ ಹೊತ್ತಿಗೆ ಈಸ್ಟ್ರೊಜೆನ್, ಆಮೇಲೆ ಪ್ರೊಜೆಸ್ಟರಾನ್. ಅದೇ ಅಂಡಾಶಯ ಹೀಗೆ ಬದಲಾಗೋದು ಹೇಗೆ?

ಬೆಳೆಯುತ್ತಿರುವ ಫಾಲಿಕಲ್‌ನಲ್ಲಿ, ಅಂದರೆ ಮೊಟ್ಟೆ ಹೊತ್ತ ಗುಳ್ಳೆಯಲ್ಲಿ, ಎರಡು ಥರದ ಜೀವಕೋಶ. ಹೊರಗಿನ ತೀಕಾಗೆ ರಕ್ತನಾಳ ಇದೆ, ಕೊಲೆಸ್ಟ್ರಾಲ್ ಸಿಗುತ್ತದೆ, ಎಲ್‌ಎಚ್ ಮಾತು ಕೇಳಿ ಗಂಡು ಹಾರ್ಮೋನ್ ಮಾಡುತ್ತದೆ. ಒಳಗಿನ ಗ್ರಾನ್ಯುಲೋಸಾಗೆ ರಕ್ತನಾಳವೇ ಇಲ್ಲ. ಅದು ತೀಕಾ ಕೊಟ್ಟದ್ದನ್ನು ತೆಗೆದುಕೊಂಡು, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಪ್ರಭಾವದಲ್ಲಿ ಅರೋಮಟೇಸ್ ಬಳಸಿ ಈಸ್ಟ್ರೊಜೆನ್ ಮಾಡುತ್ತದೆ. ಹಸು ಕೂಗುವುದು, ಬೇರೆ ಹಸು ಹತ್ತಿದರೆ ಸುಮ್ನೆ ನಿಲ್ಲುವುದು, ಗಾಜಿನಂಥ ಲೋಳೆ ಸೋರುವುದು ಎಲ್ಲಾ ಇದರ ಫಲ.

ಫಾಲಿಕಲ್ ಒಡೆದು ಮೊಟ್ಟೆ ಹೊರಬಿದ್ದ ಮೇಲೆ ಆ ಖಾಲಿ ಗುಳಿಯೊಳಕ್ಕೆ ರಕ್ತನಾಳಗಳು ನುಗ್ಗುತ್ತವೆ. ಇಲ್ಲಿಯವರೆಗೆ ರಕ್ತ ಕಾಣದ ಗ್ರಾನ್ಯುಲೋಸಾಗೆ ಈಗ ಕೊಲೆಸ್ಟ್ರಾಲ್ ಕೈಗೆಟುಕುತ್ತದೆ. ಅರೋಮಟೇಸ್ ಕುಸಿಯುತ್ತದೆ. ಸ್ಟಾರ್, ಪಿ450 ಎಸ್‌ಸಿಸಿ, 3-ಬೀಟಾ ಎಚ್‌ಎಸ್‌ಡಿ ಏರುತ್ತವೆ. ಹಸುವಿನಲ್ಲಿ 2-3 ಸೆಂಟಿಮೀಟರ್ ಅಗಲದ ಕಾರ್ಪಸ್ ಲೂಟಿಯಂ ತಯಾರು. ಕೆಲವೇ ಗ್ರಾಂ ತೂಕ. ಆದರೆ ತೂಕಕ್ಕೆ ಹೋಲಿಸಿದರೆ ದೇಹದಲ್ಲೇ ಅತಿ ಹೆಚ್ಚು ರಕ್ತ ಹರಿಯುವ ಅಂಗಾಂಶಗಳಲ್ಲಿ ಇದೂ ಒಂದು.

ಬಣ್ಣದ ಬಗ್ಗೆ ಒಂದು ಮಾತು. ಹಸುವಿನದ್ದು ಹಳದಿ, ಕಿತ್ತಳೆ ಛಾಯೆ. ಅದು ಮೇವಿನ ಕ್ಯಾರೊಟಿನ್, ಹಾರ್ಮೋನಿನದ್ದಲ್ಲ. ಎಮ್ಮೆಯದ್ದು, ಕುರಿಯದ್ದು ಬೂದು ಅಥವಾ ತೆಳು ಗುಲಾಬಿ. ಎಮ್ಮೆ ಹಾಲು ಬೆಳ್ಳಗಿರುವುದಕ್ಕೂ ಕಾರಣ ಅದೇ. ಬಂಡೂರು ಕುರಿಯ ಅಂಡಾಶಯ ನೋಡಿ 'ಸರ್, ಹಳದಿ ಇಲ್ಲ, ಕೆಟ್ಟಿದೆ' ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

3-ಬೀಟಾ ಎಚ್‌ಎಸ್‌ಡಿ ಬಣ್ಣದ ಪರೀಕ್ಷೆಯಲ್ಲಿ ಏನು ನೋಡಬೇಕು?

ಮೊದಲ ವಿಷಯ, ಫಾರ್ಮಲಿನ್ ಬಾಟಲಿಗೆ ಹಾಕಬೇಡಿ. ಕಿಣ್ವ ಸತ್ತರೆ ಬಣ್ಣ ಬರುವುದಿಲ್ಲ. ಅಂಡಾಶಯವನ್ನು ಐಸ್ ಮೇಲೆ ತಂದು, ಹೆಪ್ಪುಗಟ್ಟಿಸಿ, ಕ್ರಯೋಸ್ಟಾಟಿನಲ್ಲಿ ತೆಳ್ಳಗೆ ಕೊಯ್ಯಬೇಕು. ಆ ಕೊಯ್ತವನ್ನು ಸ್ಟೆರಾಯಿಡ್, ಎನ್‌ಎಡಿ ಮತ್ತು ನೈಟ್ರೋ ಬ್ಲೂ ಟೆಟ್ರಜೋಲಿಯಂ ಇರುವ ಬಫರಿನಲ್ಲಿ 37 ಡಿಗ್ರಿಯಲ್ಲಿ ಇಡಬೇಕು. ಕಿಣ್ವ ಸ್ಟೆರಾಯಿಡಿನಿಂದ ಜಲಜನಕ ಕಿತ್ತು ಎನ್‌ಎಡಿಗೆ ಕೊಡುತ್ತದೆ. ಅದು ಕೈ ದಾಟಿ ತೆಳು ಹಳದಿಯ ಟೆಟ್ರಜೋಲಿಯಂಗೆ ಸೇರಿದಾಗ ಕರಗದ ನೀಲಿ ಫಾರ್ಮಜಾನ್ ಆಗಿ ಅಲ್ಲೇ ಕೂರುತ್ತದೆ.

ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಕಾರ್ಪಸ್ ಲೂಟಿಯಂ ಪೂರ್ತಿ ನೀಲಿ ನೇರಳೆ ಕಾಳು. ಫಾಲಿಕಲ್‌ನ ಸುತ್ತ ತೀಕಾ ಒಂದು ನೀಲಿ ಉಂಗುರ. ಅದರೊಳಗೆ ಎಳೆ ಫಾಲಿಕಲ್‌ನ ಗ್ರಾನ್ಯುಲೋಸಾ ಹೆಚ್ಚು ಕಡಿಮೆ ಬಿಳುಪು. ಮೇಲಿನ ಪ್ರಶ್ನೆಯ ಉತ್ತರ ಪೂರ್ತಿ ಆ ಒಂದು ಉಂಗುರದಲ್ಲಿದೆ. ಪಕ್ಕದಲ್ಲಿ ಸ್ಟೆರಾಯಿಡ್ ಹಾಕದ ಕಂಟ್ರೋಲ್ ಇರಲೇಬೇಕು. ಅಂಗಾಂಶದಲ್ಲಿ ಮೊದಲೇ ಇರುವ ವಸ್ತುಗಳಿಂದಲೂ ಸ್ವಲ್ಪ ನೀಲಿ ಬರುತ್ತದೆ. ಕಂಟ್ರೋಲ್ ಇಲ್ಲದ ಸ್ಲೈಡ್ ತಂದರೆ ನಾನು ನೋಡುವುದೇ ಇಲ್ಲ.

ಕೊಬ್ಬಿನ ಹನಿಗೆ ಆಯಿಲ್ ರೆಡ್ ಓ ಬಣ್ಣ ಹಾಕುವವರಿಗೂ ಇದೇ ಎಚ್ಚರಿಕೆ. ಮೇಣದಲ್ಲಿ ಕೂರಿಸಲು ಆಲ್ಕೊಹಾಲ್, ಜೈಲೀನ್ ದಾಟಿಸಿದರೆ ಹನಿಗಳೆಲ್ಲಾ ಕರಗಿ ಹೋಗುತ್ತವೆ. ಉಳಿಯುವುದು ತೂತು.

ಇಲಿಯ ಅಂಡಾಶಯದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಹಾರ್ಮೋನ್ ಜಾಸ್ತಿ ಆಗಿದೆ ಅಂತ ಬರೀಬಹುದಾ?

ದಯವಿಟ್ಟು ಬರೀಬೇಡಿ. ಬಹುತೇಕ ಅದರ ಉಲ್ಟಾ ಇರುತ್ತದೆ. ಎಲ್‌ಎಚ್ ಕೊಟ್ಟ ಇಲಿಯ ಅಂಡಾಶಯದಲ್ಲಿ ಕೊಲೆಸ್ಟ್ರಾಲ್ ಎಸ್ಟರ್ ಇಳಿಯುತ್ತದೆ, ಯಾಕಂದರೆ ಅದು ಖರ್ಚಾಗುತ್ತಿದೆ. ಯಾವುದೋ ರಾಸಾಯನಿಕ ಕೊಟ್ಟ ಮೇಲೆ ಕೊಲೆಸ್ಟ್ರಾಲ್ ಏರಿ, 3-ಬೀಟಾ ಎಚ್‌ಎಸ್‌ಡಿ ಇಳಿದಿದ್ದರೆ, ಹಾರ್ಮೋನ್ ತಯಾರಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಸರಕು ಹಿಂದೆ ರಾಶಿ ಬಿದ್ದಿದೆ ಅಂತ ಅನುಮಾನಿಸಬೇಕು. ಕೊಲೆಸ್ಟ್ರಾಲ್ ಅಳೆಯುವ ಜ್ಯಾಕ್ ವಿಧಾನದಲ್ಲಿ ಬರುವ ಒಟ್ಟು ಅಂಕಿ ಒಂದೇ ಸಾಲದು. ಬಿಡಿ ಕೊಲೆಸ್ಟ್ರಾಲ್ ಎಷ್ಟು, ಎಸ್ಟರ್ ಎಷ್ಟು ಅಂತ ಬೇರೆ ಮಾಡಿ. ಜೊತೆಗೆ ರಕ್ತದ ಪ್ರೊಜೆಸ್ಟರಾನ್ ಅಳೆಯಿರಿ. ಆಗ ತೀರ್ಮಾನಕ್ಕೆ ಕಾಲು ಬರುತ್ತದೆ.

ಇಲಿಯಲ್ಲಿ ಇನ್ನೊಂದು ತೊಡಕಿದೆ. ಅದರ ಕಾರ್ಪಸ್ ಲೂಟಿಯಂ ಮುದಿಯಾದಾಗ 20-ಆಲ್ಫಾ ಎಚ್‌ಎಸ್‌ಡಿ ಏರಿ, ತಯಾರಾದ ಪ್ರೊಜೆಸ್ಟರಾನನ್ನೇ ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸುತ್ತದೆ. ಪಿಟ್ಯುಟರಿಯ ಪ್ರೊಲ್ಯಾಕ್ಟಿನ್ ಹಾರ್ಮೋನ್ ಇರುವವರೆಗೆ ಈ ಕಿಣ್ವ ತೆಪ್ಪಗಿರುತ್ತದೆ.

ಹಸುವಿಗೆ 21 ದಿನಕ್ಕೆ ಸರಿಯಾಗಿ ಬೆದೆ ವಾಪಸ್ ಬರೋದು ಯಾಕೆ?

ಗರ್ಭಕೋಶ ಕಾದು ನೋಡುತ್ತದೆ. ಭ್ರೂಣ ಇದ್ದರೆ ಅದು ಸುಮಾರು 16ನೇ ದಿನದ ಹೊತ್ತಿಗೆ ಇಂಟರ್‌ಫೆರಾನ್ ಟೌ ಅನ್ನುವ ಪ್ರೋಟೀನ್ ಕಳಿಸಿ ತಾನಿದ್ದೇನೆ ಅಂತ ತಿಳಿಸುತ್ತದೆ. ಆ ಸುದ್ದಿ ಬರದಿದ್ದರೆ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಎಫ್2 ಆಲ್ಫಾ ಬಿಡುತ್ತದೆ. ಕಾರ್ಪಸ್ ಲೂಟಿಯಂಗೆ ರಕ್ತ ಕಡಿಮೆಯಾಗುತ್ತದೆ, ಸ್ಟಾರ್ ಇಳಿಯುತ್ತದೆ. ಕಾರ್ಪಸ್ ಲೂಟಿಯಂ ಕರಗುವುದಕ್ಕೆ ಮೊದಲೇ ಪ್ರೊಜೆಸ್ಟರಾನ್ ಕುಸಿದಿರುತ್ತದೆ. ಮತ್ತೆ ಬೆದೆ.

ಡಾಕ್ಟರು ಬೆದೆ ತರಿಸಲು ಕೊಡುವ ಪಿಜಿ ಇಂಜೆಕ್ಷನ್ ಇದೇ. ಬೆದೆ ಕಳೆದ ಮೊದಲ 5 ದಿನ ಕೊಟ್ಟರೆ ಎಳೆ ಕಾರ್ಪಸ್ ಲೂಟಿಯಂ ಬಗ್ಗುವುದಿಲ್ಲ. ಅಂಡಾಶಯದಲ್ಲಿ ಕಾರ್ಪಸ್ ಲೂಟಿಯಂ ಇಲ್ಲದ ಹಸುವಿಗೆ ಕೊಟ್ಟರಂತೂ ದುಡ್ಡು ದಂಡ. ಕೈ ಹಾಕಿ ನೋಡದೆ, ಸ್ಕ್ಯಾನ್ ಮಾಡದೆ 'ಒಂದು ಪಿಜಿ ಹಾಕಿ ನೋಡೋಣ' ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಬೈಪಾಸ್ ಫ್ಯಾಟ್ ಕೊಟ್ಟರೆ ಕೊಲೆಸ್ಟ್ರಾಲ್ ಏರುತ್ತಂತೆ, ಗಬ್ಬ ಬೇಗ ನಿಲ್ಲುತ್ತಂತೆ. ನಿಜನಾ?

ಬೈಪಾಸ್ ಫ್ಯಾಟ್ ಅಂದರೆ ಮೆಲುಕು ಹೊಟ್ಟೆಯಲ್ಲಿ ಒಡೆಯದೆ ಮುಂದೆ ಹೋಗುವ ಕೊಬ್ಬು. ಮೊದಲರ್ಧ ನಿಜ. ಕೊಬ್ಬು ತಿನ್ನಿಸಿದ ಹಸುವಿನ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ. ಆದರೆ ಗೇಟಿನ ಕೀಲಿ ಎಲ್‌ಎಚ್ ಕೈಯಲ್ಲಿದೆ ಅಂತ ನೋಡಿದೆವಲ್ಲ. ಕರು ಹಾಕಿದ ಮೇಲೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹಸು ತಿನ್ನುವುದಕ್ಕಿಂತ ಜಾಸ್ತಿ ಹಾಲಿಗೆ ಸುರಿಯುತ್ತದೆ, ಮೈ ಇಳಿಯುತ್ತದೆ. ಇನ್ಸುಲಿನ್ ಇಳಿಯುತ್ತದೆ, ಎಲ್‌ಎಚ್ ಅಲೆಗಳು ವಿರಳವಾಗುತ್ತವೆ. ಬೈಪಾಸ್ ಫ್ಯಾಟ್ ಉಪಯೋಗಕ್ಕೆ ಬರುವುದು ಈ ಕೊರತೆಯನ್ನು ಸ್ವಲ್ಪ ತುಂಬುವುದರಿಂದ. ಮೈ ತುಂಬಿಕೊಂಡು ಚೆನ್ನಾಗಿರುವ ಹಸುವಿಗೆ ಸುಮ್ನೆ ಸುರಿದರೆ ಗಬ್ಬ ನಿಲ್ಲುವುದಿಲ್ಲ, ಬಿಲ್ ಏರುತ್ತದೆ ಅಷ್ಟೇ.

ಅಡುಗೆ ಎಣ್ಣೆ ಕುಡಿಸುವವರೂ ಇದ್ದಾರೆ. ಬೇಡ. ಎಣ್ಣೆ ಜಾಸ್ತಿಯಾದರೆ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ತೊಂದರೆ, ನಾರು ಅರಗುವುದಿಲ್ಲ. ಬರೀ ಸೋಗೆ, ಬರೀ ನೆಲ್ಲು ಹುಲ್ಲಿನ ಮೇಲೆ ನಿಂತ ಹಸುವಿಗೆ ಮೊದಲು ಬೇಕಾದದ್ದು ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ.

ಇನ್ನೊಂದು ಕಡೆ ಸೋರಿಕೆಯೂ ಇದೆ. ಹೆಚ್ಚು ಹಾಲಿನ ಹಸು ಹೆಚ್ಚು ತಿನ್ನುತ್ತದೆ, ಅದರ ಯಕೃತ್ತಿನಲ್ಲಿ ರಕ್ತದ ಓಡಾಟ ಜಾಸ್ತಿ. ಪ್ರೊಜೆಸ್ಟರಾನ್ ಅಷ್ಟೇ ಬೇಗ ಒಡೆದು ಹೋಗುತ್ತದೆ. ಅಂಡಾಶಯ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ರಕ್ತದಲ್ಲಿ ಹಾರ್ಮೋನ್ ಕಡಿಮೆ ಕಾಣಬಹುದು.

ಮೂರು ಸಲ ಸೆಮೆನ್ ಹಾಕಿಸಿದ್ವಿ, ಗಬ್ಬ ನಿಲ್ತಿಲ್ಲ. ಹಾರ್ಮೋನ್ ಕಡಿಮೆ ಇರಬಹುದಾ?

ಇರಬಹುದು. ಆದರೆ ಮೊದಲು ಹೊತ್ತು ನೋಡಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಲೋಳೆ ಕಲಕಿದ್ದರೆ ಗರ್ಭಕೋಶದ ಸೋಂಕು ಇದೆಯಾ ಅಂತ ತೋರಿಸಿ. ಹಾಲಿನಲ್ಲಿ ಪ್ರೊಜೆಸ್ಟರಾನ್ ಅಳೆಯಬಹುದು. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಹಾಲಿಗೂ ಬರುತ್ತದೆ. ಸೆಮೆನ್ ಹಾಕಿಸಿದ 21-24ನೇ ದಿನ ಕಡಿಮೆ ಬಂದರೆ ಗಬ್ಬ ಇಲ್ಲ ಅಂತಲೇ. ಜಾಸ್ತಿ ಬಂದರೆ ಇರಬಹುದು, ಆದರೆ ಖಚಿತವಾಗಿ ಹೇಳಲು ಡಾಕ್ಟರು ಆಮೇಲೆ ನೋಡಲೇಬೇಕು.

ವೀರ್ಯಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧ ಇದೆಯಾ?

ಇದೆ, ಆದರೆ ಇಲ್ಲಿ ಹಾರ್ಮೋನಿನ ಕಥೆ ಅಲ್ಲ. ವೀರ್ಯಾಣುವಿನ ಪೊರೆಯನ್ನು ಗಟ್ಟಿ ಹಿಡಿದಿರುವುದು ಕೊಲೆಸ್ಟ್ರಾಲ್. ಹೆಣ್ಣಿನ ದೇಹದೊಳಗೆ ಹೋದ ಮೇಲೆ ಆ ಕೊಲೆಸ್ಟ್ರಾಲ್ ಸ್ವಲ್ಪ ಸ್ವಲ್ಪವೇ ಕಳಚಬೇಕು. ಆಗಲೇ ಅದಕ್ಕೆ ಮೊಟ್ಟೆಯೊಳಗೆ ಹೋಗುವ ಶಕ್ತಿ ಬರುವುದು. ವೀರ್ಯಾಣು ಹೀಗೆ ಒಳಗೆ ಹೋಗಿ ಪಕ್ವವಾಗಬೇಕು ಅಂತ 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಬೇರೆ ಬೇರೆಯಾಗಿ ತೋರಿಸಿದರು.

ಮನುಷ್ಯನ, ಮೊಲದ ವೀರ್ಯಾಣುವಿಗೆ ಹೋಲಿಸಿದರೆ ಹೋರಿಯದ್ದರಲ್ಲಿ ಕೊಲೆಸ್ಟ್ರಾಲ್ ಪಾಲು ಕಡಿಮೆ. ಅದಕ್ಕೇ ದಿಢೀರ್ ತಂಪು ತಡೆಯದು. ಫ್ರೀಜ್ ಮಾಡುವಾಗ ಕೋಳಿ ಮೊಟ್ಟೆಯ ಹಳದಿ ಸೇರಿಸುವ ರೂಢಿ ಇದೇ ಕಾರಣಕ್ಕೆ. ಅದರ ಎಲ್‌ಡಿಎಲ್ ಪೊರೆಯನ್ನು ಕಾಯುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಸ್ಟ್ರಾ ಎತ್ತಿದ ಮೇಲೆ ಥರ್ಮಾಮೀಟರ್ ಇಟ್ಟು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಬಿಡಬೇಕು. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಟ್ಟುಕೊಂಡು ಬರುವುದು ಕಂಡರೆ ಕೇಳಿ, ಸಂಕೋಚ ಬೇಡ.

ನನ್ನ ಹೆಂಡತಿ ಗರ್ಭಿಣಿ. ಕೊಲೆಸ್ಟ್ರಾಲ್ ರಿಪೋರ್ಟ್ ಜಾಸ್ತಿ ಬಂದಿದೆ. ಭಯ ಪಡಬೇಕಾ?

ಗರ್ಭಿಣಿಯರಲ್ಲಿ ಕೊಲೆಸ್ಟ್ರಾಲ್ ಏರುವುದು ಸಹಜ. ಮಾಸು ತಾಯಿಯ ಎಲ್‌ಡಿಎಲ್ ತೆಗೆದುಕೊಂಡೇ ಪ್ರೊಜೆಸ್ಟರಾನ್ ಮಾಡುತ್ತದೆ. ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ. ಮೊದಲಿಂದ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕುತೂಹಲದ ವಿಷಯ: ಮನುಷ್ಯರ ಮಾಸಿನಲ್ಲಿ ಸ್ಟಾರ್ ಇಲ್ಲ. ಸ್ಟಾರ್ ಇಲ್ಲದೆಯೇ ಅದು ಕೆಲಸ ನಡೆಸುತ್ತದೆ. ಸ್ಟಾರ್ ಜೀನ್ ಕೆಟ್ಟ ಮಗು ಗರ್ಭದಲ್ಲಿ ಉಳಿದು ಹುಟ್ಟಲು ಸಾಧ್ಯವಾಗುವುದು ಅದರಿಂದಲೇ.

ಹಸುವಿಗೆ ತಂದ ಪಿಜಿ ಇಂಜೆಕ್ಷನ್ ಉಳಿದಿದೆ. ಮೇಕೆಗೆ ಕೊಡಬಹುದಾ?

ಗಬ್ಬದ ಮೇಕೆಗೆ ಬೇಡವೇ ಬೇಡ. ಕುರಿಯಲ್ಲಿ ಸುಮಾರು 50 ದಿನ ದಾಟಿದ ಮೇಲೆ ಮಾಸೇ ಸಾಕಷ್ಟು ಪ್ರೊಜೆಸ್ಟರಾನ್ ಮಾಡುತ್ತದೆ. ಹಸುವಿನಲ್ಲಿ ಆ ಆಸರೆ ಬರುವುದು ಗಬ್ಬದ ಅರ್ಧ ಕಳೆದ ಮೇಲೆ. ಮೇಕೆ ಮಾತ್ರ ಕೊನೆಯವರೆಗೂ ಕಾರ್ಪಸ್ ಲೂಟಿಯಂ ಮೇಲೇ ನಿಂತಿರುತ್ತದೆ. ಯಾವ ತಿಂಗಳಲ್ಲಿ ಕೊಟ್ಟರೂ ಕಂದು ಹಾಕುತ್ತದೆ. ಈ ಔಷಧ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮನೆಯಲ್ಲಿ ಗರ್ಭಿಣಿಯರು, ಅಸ್ತಮಾ ಇರುವವರು ಆ ಬಾಟಲಿ ಮುಟ್ಟುವುದು ಬೇಡ. ಉಳಿದದ್ದನ್ನು ಪಶು ಆಸ್ಪತ್ರೆಗೆ ವಾಪಸ್ ಕೊಟ್ಟುಬಿಡಿ.